ಸೂಗಪ್ಪನ ಕಾರಿಗೆ ನಾಲ್ಕು ಬೀಗ

ಹಿಮಾಯತ್‌ನಗರದ ಆ ಓಣಿಯಲ್ಲಿ ಎರಡು ಸಾವಿರದ ಎರಡನೆಯ ಇಸವಿಯಲ್ಲಿ ಎಲ್ಲಕ್ಕಿಂತ ಭದ್ರವಾಗಿದ್ದ ವಸ್ತು ಯಾವುದೆಂದರೆ ಸೂಗಪ್ಪನ ಬಿಳಿ ಮಾರುತಿ ಕಾರು. ಸ್ಟೇರಿಂಗಿಗೆ ಅಡ್ಡ ಹಾಕುವ ಕಬ್ಬಿಣದ ರಾಡು, ಗೇರಿಗೊಂದು ಬೀಗ, ಬೆಕ್ಕು ಮೈ ಉಜ್ಜಿದರೂ ಬೊಬ್ಬೆ ಹೊಡೆಯುವ ಸೈರನ್ನು, ಇಂಜಿನ್ನಿಗೆ ಕರೆಂಟೇ ಹೋಗದಂತೆ ತಡೆಯುವ ಒಂದು ಗುಪ್ತ ಬಟನ್ನು. ಇಷ್ಟೂ ಸಾಲದೆಂಬಂತೆ ಮೇಲೊಂದು ಬೂದು ಬಣ್ಣದ ಹೊದಿಕೆ. ಇಷ್ಟೆಲ್ಲ ಕಾವಲಿದ್ದ ಆ ಕಾರು ವರ್ಷದಲ್ಲಿ ಹೋಗಿಬಂದ ಊರು ಎಷ್ಟು ಎಂದು ಯಾರಾದರೂ ಕೇಳಿದರೆ ಸೂಗಪ್ಪ ಮಾತು ಬದಲಿಸುತ್ತಿದ್ದ.

ನಿಜ ಸಂಗತಿ ಬೇರೆಯೇ ಇತ್ತು. ಸೂಗಪ್ಪನಿಗೆ ಕಾರು ನಡೆಸಲು ಭಯ. ಕಳ್ಳರ ಭಯ ನಾಲ್ಕಾಣೆಯಷ್ಟಿದ್ದರೆ ಈ ಭಯ ಹನ್ನೆರಡಾಣೆ. ಕಾರು ಕೊಂಡ ಮೊದಲ ವಾರವೇ ನಾರಾಯಣಗೂಡದ ಚೌಕದ ನಟ್ಟನಡುವೆ ಗಾಡಿ ನಿಂತುಬಿಟ್ಟಿತ್ತು. ಹಿಂದೆ ಆರ್‌ಟಿಸಿ ಬಸ್ಸುಗಳು ಒಂದೇ ಸಮನೆ ಹಾರ್ನ್ ಒತ್ತುತ್ತಿದ್ದವು. ಕ್ಲಚ್ ಯಾವುದು, ಬ್ರೇಕ್ ಯಾವುದು ಎಂಬುದೇ ಮರೆತು ಅವನು ಬೆವರುತ್ತ ಕೂತಿದ್ದ. ಕೊನೆಗೆ ಒಬ್ಬ ಆಟೋದವನು ಬಂದು, ‘ಜರ ಸರ್ಕೋ ಚಾಚಾ’ ಎಂದು ಇವನನ್ನು ಪಕ್ಕಕ್ಕೆ ಸರಿಸಿ ಗಾಡಿಯನ್ನು ಬದಿಗೆ ಹಚ್ಚಿಕೊಟ್ಟ. ಮನೆಗೆ ಬಂದವನೇ ಹೆಂಡತಿ ಅಂಬುಬಾಯಿಗೆ ಇಂಜಿನ್ನು ಕಾದಿತ್ತು, ಅದಕ್ಕೇ ತಡವಾಯಿತು ಎಂದ. ಲಿಂಗಸೂಗೂರಿನ ಕಡೆಯಿಂದ ಬಂದು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವನು, ಕೂದಲೆಳೆಯಷ್ಟು ದೋಷ ಕಂಡರೂ ಮಾಲು ತಿರಸ್ಕರಿಸಿದವನು, ಕಟ್ಟಿಕೊಂಡವಳ ಮುಂದೆ ತಾನೇ ತಿರಸ್ಕೃತ ಮಾಲಾಗಬೇಕೆ? ಅದೊಂದು ಗುಟ್ಟು ಅವಳಿಗೆ ತಿಳಿಯಬಾರದು. ಉಳಿದದ್ದು ಏನಾದರೂ ಆಗಲಿ ಎಂದು ಅವನು ಮನಸ್ಸು ಗಟ್ಟಿ ಮಾಡಿಕೊಂಡ.

ದೇವರು ಕಣ್ಣು ಬಿಟ್ಟ. ಮೇಲಿನ ಮನೆಯ ಸುಬ್ಬರಾಯರ ಕಾರು ಕಳುವಾಯಿತು. ಪಾಪ, ಅವರು ಗೇಟಿನ ಬಳಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದರೆ ಸೂಗಪ್ಪನಿಗೆ ಒಳಗೊಳಗೇ ಜೀವ ಬಂದಂತಾಯಿತು. ಅಂದೇ ಹೋಗಿ ಮೆಕ್ಯಾನಿಕ್ ಚಾಂದ್‌ಪಾಷಾನನ್ನು ಹಿಡಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸೂಗಪ್ಪ ಆ ಡೊಂಕು ನೆಲವನ್ನು ಚಾಂದ್‌ಪಾಷಾನ ಕೈಯಿಂದ ಹೇಳಿ ಮಾಡಿಸಿದ. ಒಂದೊಂದು ತಿಂಗಳಿಗೆ ಒಂದೊಂದು ಬೀಗ ಬಂತು. ಇಷ್ಟು ಬೀಗ ತೆಗೆದು ಹಾಕುವಷ್ಟರಲ್ಲಿ ಕಾರ್ಖಾನೆಯ ಬಸ್ಸೇ ಮುಟ್ಟಿರುತ್ತದೆ ಎಂದು ಅವನು ದಿನಾ ಬುತ್ತಿ ಹಿಡಿದು ಬಸ್ಸಿಗೇ ಹೋದ.

ಭಾನುವಾರ ಅಂಬುಬಾಯಿ ಮಾದಾಪುರದ ತಂಗಿಯ ಮನೆಗೆ ಹೋಗೋಣವೆಂದು ಸೀರೆ ಉಟ್ಟು ನಿಂತರೆ ಸೂಗಪ್ಪ ಸರಿಯಾಗಿ ನಾಲ್ಕು ಗಂಟೆಗೆ ಹೊದಿಕೆ ಬಿಚ್ಚುತ್ತಿದ್ದ. ಒಂದೊಂದೇ ಕೀಲಿಕೈ ಹುಡುಕಿ, ಒರೆಸಿ, ಎಣ್ಣೆ ಬಿಟ್ಟು ಬೀಗ ತೆಗೆಯುವಷ್ಟರಲ್ಲಿ ನಾಲ್ಕೂವರೆ. ಭಾನುವಾರ ನಾಲ್ಕೂವರೆಗೆ ರಾಹುಕಾಲ. ಅಂಬುಬಾಯಿ ಏನೂ ಅನ್ನದೆ ಒಳಗೆ ಹೋಗಿ ಚಹಾಕ್ಕೆ ಇಡುತ್ತಿದ್ದಳು. ಎಂಥ ತಾಳ್ಮೆಯ ಹೆಂಗಸು ಎಂದು ಸೂಗಪ್ಪ ಮೆಚ್ಚಿಕೊಳ್ಳುತ್ತಿದ್ದ.

ಹೀಗಿರುವಾಗ ಕಾರಿನ ಮೀಟರು ಓಡತೊಡಗಿತು. ಕಾರ್ಖಾನೆಯ ಚಟ, ಪ್ರತಿ ಭಾನುವಾರ ಅವನು ಕಿಲೋಮೀಟರು ಬರೆದಿಡುತ್ತಿದ್ದ. ನಿಂತಲ್ಲೇ ನಿಂತ ಕಾರು ವಾರಕ್ಕೆ ಅರವತ್ತು ಕಿಲೋಮೀಟರು ಹೋಗಿತ್ತು. ಬೇರೆಯವರಾಗಿದ್ದರೆ ಅಂದೇ ಪೊಲೀಸರ ಹತ್ತಿರ ಓಡುತ್ತಿದ್ದರು. ಸೂಗಪ್ಪ ಇನ್‌ಸ್ಪೆಕ್ಟರ್. ಅಳತೆ ನಂಬಿಕೆಗೆ ಬಾರದಿದ್ದರೆ ಮೊದಲು ಅಳೆಯುವ ಸಾಧನವನ್ನು ಪರೀಕ್ಷಿಸಬೇಕು ಎಂಬುದು ಅವನ ಕಸುಬಿನ ಮೊದಲ ಪಾಠ. ಹಾಗಾಗಿ ಮೀಟರನ್ನೇ ಬಿಚ್ಚಿಸಿ ಪರೀಕ್ಷೆ ಮಾಡಿಸುವುದರಲ್ಲಿ ಎರಡು ವಾರ ಕಳೆದ. ಮೀಟರು ಹರಿಶ್ಚಂದ್ರನಷ್ಟು ಸತ್ಯವಂತ ಎಂದು ತಿಳಿಯಿತು. ಪೆಟ್ರೋಲಿನ ಮುಳ್ಳು ಮಾತ್ರ ಇಳಿದಿರಲಿಲ್ಲ. ಅಂದರೆ ಯಾರೋ ಕಾರು ಕದ್ದು, ಓಡಿಸಿ, ಪೆಟ್ರೋಲು ಹಾಕಿಸಿ, ತಂದು ನಿಲ್ಲಿಸಿ, ನಾಲ್ಕೂ ಬೀಗ ಹಾಕಿ, ಹೊದಿಕೆ ಹೊದಿಸಿ ಹೋಗುತ್ತಿದ್ದಾರೆ. ಇಷ್ಟು ಶಿಸ್ತಿನ ಮನುಷ್ಯ ತನ್ನ ವಿಭಾಗದಲ್ಲಿ ಒಬ್ಬನೂ ಇಲ್ಲವಲ್ಲ ಎಂದು ಸೂಗಪ್ಪನಿಗೆ ಬೇಜಾರೂ ಆಯಿತು.

ಗುರುವಾರ ಗುಟ್ಟಾಗಿ ರಜೆ ಹಾಕಿದ. ಎಂದಿನಂತೆ ಬುತ್ತಿ ಹಿಡಿದು ಹೊರಟು, ಓಣಿ ಸುತ್ತಿ ಹಿಂದಿನಿಂದ ಬಂದು, ಸೈರನ್ ಬಾಯಿ ಮುಚ್ಚಿಸಿ, ಹೊದಿಕೆಯೊಳಗೆ ತೂರಿ ಕಾರಿನ ಹಿಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಮಲಗಿದ. ಮೇಲೆ ಹಳೆಯ ಚಾದರ, ಕೈಯಲ್ಲಿ ಛತ್ರಿ. ಕಳ್ಳ ಎದುರಾದರೆ ಛತ್ರಿಯಿಂದ ಏನು ಮಾಡಬೇಕೆಂದು ಅವನು ಯೋಚಿಸಿರಲಿಲ್ಲ. ಮೂರು ಗಂಟೆ ಮಲಗಿ ಸೊಂಟ ಹಿಡಿಯಿತು. ತನ್ನ ಕಾರಿನಲ್ಲಿ ತಾನೇ ಕಳ್ಳನಂತೆ ಅಡಗಿರುವ ವಿಷಯ ಮಾವನ ಮನೆಯವರಿಗೆ ಗೊತ್ತಾದರೆ ಎಂದು ನೆನೆದು ಅವನಿಗೇ ನಗು ಬಂತು, ಬಾಯಿಗೆ ಚಾದರ ಒತ್ತಿಕೊಂಡ.

ಹತ್ತು ಗಂಟೆಗೆ ಹೊದಿಕೆ ಸರ್ರೆಂದು ಹೋಯಿತು. ಬಾಗಿಲು ತೆರೆಯಿತು. ರಾಡು ಕಳಚಿತು, ಗೇರಿನ ಬೀಗ ಬಿಚ್ಚಿತು, ಬಟನ್ನು ಟಕ್ ಎಂದಿತು. ಸೂಗಪ್ಪನಿಗೆ ಮೊದಲ ಕೀಲಿಕೈ ಹುಡುಕಲು ಬೇಕಾಗುವಷ್ಟು ಹೊತ್ತೂ ಹಿಡಿಯಲಿಲ್ಲ. ಎದ್ದು ಕೂಗಬೇಕೆನ್ನುವಷ್ಟರಲ್ಲಿ ಬಳೆಯ ಸದ್ದು ಕೇಳಿಸಿತು. ಮೂವತ್ತು ವರ್ಷದಿಂದ ಒಲೆಯ ಮುಂದೆ, ದೇವರ ಮುಂದೆ ಕೇಳಿದ ಸದ್ದು.

ಆಗ ಅವನಿಗೆ ಎಲ್ಲಾ ಹೊಳೆಯಿತು. ಪ್ರತಿ ಬೀಗಕ್ಕೂ ಎರಡೆರಡು ಕೀಲಿಕೈ ಬಂದಿದ್ದವು. ಕೀಲಿಕೈ ಮನೆಯಾಕೆಯ ಸೊಂಟದಲ್ಲಿದ್ದರೇ ಮನೆಗೆ ಲಕ್ಷಣ ಎಂದು ಅವ್ವ ಹೇಳುತ್ತಿದ್ದ ಮಾತಿನಂತೆ, ಎರಡನೆಯದನ್ನೆಲ್ಲ ತಾನೇ ಅಂಬುಬಾಯಿಯ ಕೈಗೆ ಕೊಟ್ಟು, ಜೋಪಾನ ಎಂದಿದ್ದ. ಅವಳು ಜೋಪಾನವಾಗಿಯೇ ಇಟ್ಟುಕೊಂಡಿದ್ದಳು.

ಕಾರು ಓಣಿ ದಾಟಿತು, ಲಿಬರ್ಟಿ ಚೌಕ ದಾಟಿತು, ಕೆರೆಯ ಏರಿಯ ಮೇಲಿನ ಟ್ಯಾಂಕ್‌ಬಂಡ್ ರಸ್ತೆಗೆ ಬಂತು. ಒಂದು ಸಲವೂ ಜರ್ಕು ಹೊಡೆಯಲಿಲ್ಲ. ಸಿಗ್ನಲ್ಲಿನಲ್ಲಿ ಹೂವಿನವಳೊಬ್ಬಳು ತೆಲುಗಿನಲ್ಲಿ, ನಿನ್ನೆ ಯಾಕೆ ಬರಲಿಲ್ಲಮ್ಮಾ ಎಂದು ಕೇಳಿದಳು. ಚಾದರದೊಳಗೆ ಸೂಗಪ್ಪ ನಾಚಿಕೆಯಿಂದ ಬೆಂದುಹೋದ. ಏಳಲೂ ಆಗದು, ಮಲಗಿರಲೂ ಆಗದು. ತನ್ನನ್ನೂ ಸೇರಿಸಿ ಕಾರು ಕಳುವಾಗಿತ್ತು.

"ಎದ್ದು ಕೂಡ್ರಿ" ಎಂದಳು ಅಂಬುಬಾಯಿ, ತಿರುಗಿ ನೋಡದೆ. "ಬುತ್ತಿಯೊಳಗಿನ ಬದನಿಕಾಯಿ ವಾಸನಿ ಬರಾಕತ್ತೈತಿ. ಕುತ್ತಿಗಿ ಹಿಡಿದೀತು."

ಸೂಗಪ್ಪ ಛತ್ರಿ ಊರಿಕೊಂಡು ಎದ್ದು ಕೂತ. ಬಟನ್ನು ಇರುವ ಜಾಗವನ್ನು ಚಾಂದ್‌ಪಾಷಾ ಹೇಳಿಕೊಟ್ಟನೇನು ಎಂದು ಕೇಳಿದ. ಅವನ್ಯಾಕೆ ಹೇಳಬೇಕು, ನೀವು ಬಗ್ಗಿ ಕೈ ಹಾಕುವುದು ಅಡುಗೆಮನೆಯ ಕಿಟಕಿಯಿಂದ ಕಾಣಿಸುತ್ತದೆ ಎಂದಳು ಅವಳು.

ಕೆರೆಯ ಆಚೆ ದಂಡೆಯಲ್ಲಿ, ಜನವಿಲ್ಲದ ಕಡೆ ಅವಳು ಕಾರು ನಿಲ್ಲಿಸಿ ಇಳಿದಳು. ಕೀಲಿಕೈಯನ್ನು ಅವನ ಮುಂದೆ ಹಿಡಿದಳು.

"ಇಲ್ಲಿ ಗದ್ದಲ ಇಲ್ಲ. ನೀವು ನಡಸ್ರಿ."

ಸೂಗಪ್ಪ ನೆಪ ಹುಡುಕಿದ. ಕ್ಲಚ್ಚು ಬಿಗಿ ಎನ್ನಲೆ? ಕನ್ನಡಕ ಮನೆಯಲ್ಲಿದೆ ಎನ್ನಲೆ? ಅವಳು ಇಷ್ಟು ಹೊತ್ತು ಇದೇ ಕ್ಲಚ್ಚು ಒತ್ತಿದ್ದಳು, ಕನ್ನಡಕ ಅವನ ಮೂಗಿನ ಮೇಲೇ ಇತ್ತು. ಒಂದು ವರ್ಷ ಕಾದ ಮಾತು ತಾನಾಗಿಯೇ ಹೊರಗೆ ಬಂತು.

"ನನಗ ಅಂಜಿಕಿ ಬರತೈತಿ."

"ಗೊತ್ತೈತ್ರಿ" ಎಂದಳು ಅಂಬುಬಾಯಿ. "ನಾರಾಯಣಗೂಡದಾಗ ಗಾಡಿ ನಿಂತಾಗ ಹಿಂದಿನ ಬಸ್ಸಿನ್ಯಾಗ ನಾ ಇದ್ದೆ. ಇಳದು ಬರಬೇಕಂದೆ. ನನ್ನ ನೋಡಿದ್ರ ನಿಮಗ ಇನ್ನಷ್ಟು ಕೆಟ್ಟ ಅನಿಸೀತಂತ ಸುಮ್ಮನ ಕುಂತೆ. ಮರುದಿನ ಹೋಗಿ ಕಲಿಯಾಕ ಹೆಸರು ಹಚ್ಚಿದೆ. ನಮ್ಮಿಬ್ಬರಾಗ ಒಬ್ಬರಿಗಾದ್ರೂ ಬರಲಿ ಅಂತ."

ಅಷ್ಟು ಭಾನುವಾರ ಸೀರೆ ಉಟ್ಟು ನಿಂತು, ಎಲ್ಲಾ ಗೊತ್ತಿದ್ದೂ ಇವಳು ಸುಮ್ಮನೆ ಚಹಾಕ್ಕೆ ಇಟ್ಟಿದ್ದಳು. ಯಾರಿಗೆ ಕಾಣಬಾರದೆಂದು ಸೂಗಪ್ಪ ನಾಲ್ಕು ಬೀಗ ಜಡಿದನೋ ಅವಳು ಮೊದಲ ದಿನವೇ ಎಲ್ಲ ಕಂಡಿದ್ದಳು. ಇನ್ನು ಅಂಜುವುದಕ್ಕೆ ಏನೂ ಉಳಿದಿರಲಿಲ್ಲ. ಅವನಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು.

ಕೀಲಿಕೈಯನ್ನು ಅವಳ ಅಂಗೈಯಲ್ಲೇ ಮಡಿಚಿಟ್ಟು, ಕಾರನ್ನು ಸುತ್ತಿ ಹೋಗಿ ಎಡಗಡೆಯ ಮುಂದಿನ ಸೀಟಿನಲ್ಲಿ ಕೂತ.

"ಮನೀಗೆ ಈಗಽ ಬ್ಯಾಡ" ಎಂದ. "ಇನ್ನೊಂದು ಸುತ್ತು ಹಾಕು. ಕ್ಲಚ್ ಯಾವ್ದು, ಬ್ರೇಕ್ ಯಾವ್ದು ಅಂತ ನಾ ನಿನ್ನ ಕಾಲು ನೋಡಕೋತ ಕೂಡತೀನಿ."