ತರಬೇತಿಯ ಫೋಟೊ

“ಮುಖ ಆ ಕಡಿ ತಿರುಗಿಸವಾ. ಬೆನ್ನು ಕಂಡ್ರ ಸಾಕು,” ಎಂದರು ಹೆಡ್‌ಮಾಸ್ಟರ್ ನಾಗಭೂಷಣ.

ಪಲ್ಲವಿ ಕಾಂಪೌಂಡಿನ ಕಡೆ ತಿರುಗಿ ನಿಂತಳು. ಎಂಟನೇ ಕ್ಲಾಸಿನ ಯೂನಿಫಾರ್ಮಿನ ಮೇಲೆಯೇ ಅವ್ವನ ಸೀರೆ ಸುತ್ತಿಕೊಂಡಿದ್ದಳು. ಅದರ ಮೇಲೆ ಬಿಸಿಯೂಟದ ಅಡುಗೆಯವರು ಹಾಕುವ ಏಪ್ರನ್, ತಲೆಗೆ ಟೋಪಿ. ಕೈಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್. ಯಾರಾದರೂ ಕದ್ದಾರು ಎಂದು ಅದನ್ನು ಇಷ್ಟು ವರ್ಷ ಹೆಡ್‌ಮಾಸ್ಟರ ಕೋಣೆಯ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಅದರ ಅವಧಿ ಮುಗಿದು ನಾಲ್ಕು ವರ್ಷವಾಗಿದ್ದರಿಂದ ಚೀಟಿಯ ಮೇಲೆ ಹೆಬ್ಬೆರಳು ಇಟ್ಟುಕೊಳ್ಳಲು ಹೇಳಿದ್ದರು.

ಏಳನೇ ಕ್ಲಾಸಿನ ಹುಡುಗರು ಮೂಗಿಗೆ ಕರವಸ್ತ್ರ ಹಿಡಿದು ಸಾಲಾಗಿ ಬಗ್ಗಿ ನಡೆಯುತ್ತಿದ್ದರು. ಹೊಗೆ ಇದೆ ಎಂದುಕೊಂಡು ಕೆಮ್ಮಬೇಕಿತ್ತು. ಪಂಪೇಶ ಎಂಬ ಹುಡುಗ ಕೆಮ್ಮಿ ಕೆಮ್ಮಿ ನೆಲಕ್ಕೇ ಕುಳಿತುಬಿಟ್ಟ.

“ಲೇ, ಫೋಟೊದಾಗ ಕೆಮ್ಮು ಕೇಳಸ್ತೈತೇನಲೇ? ಎದ್ದು ನಡಿ!” ಹೆಡ್‌ಮಾಸ್ಟರು ಗದರಿಸಿದರು. ಎಲ್ಲರೂ ಕಿಸಕ್ಕನೆ ನಕ್ಕರು. ಪಲ್ಲವಿಗೂ ನಗು ಬಂತು. ಬಂದದ್ದಕ್ಕೆ ಆಮೇಲೆ ನಾಚಿಕೆಯಾಯಿತು.

ಬೋರ್ಡಿನ ಮೇಲೆ ‘ಅಗ್ನಿ ಸುರಕ್ಷತಾ ತರಬೇತಿ ಮತ್ತು ಅಣಕು ಪ್ರದರ್ಶನ, ದಿನಾಂಕ 28 ಜೂನ್’ ಎಂದು ಬರೆದಿತ್ತು. ಇವತ್ತು ಸೆಪ್ಟೆಂಬರ್ ಹದಿನೈದು. ಮೊಬೈಲ್ ಹಿಡಿದು ನಿಂತಿದ್ದ ಸುಕನ್ಯಾ ಮಿಸ್ ತಗ್ಗಿದ ದನಿಯಲ್ಲಿ ಅಂದರು, “ಸರ್, ಈ ಹುಡುಗಿ ಬ್ಯಾಡಾಗಿತ್ತು. ಅವರವ್ವ ಅಲ್ಲಿ ದವಾಖಾನಿಯಾಗ ಮಲಗ್ಯಾಳ.”

“ಮತ್ತ ನೀವು ನಿಲ್ತೀರೇನ್ರಿ? ಭರಮಮ್ಮನ ಎತ್ತರಕ್ಕ ಇರಾಕಿ ಇವಳೊಬ್ಬಾಕಿನ. ಗೋಡಿ ಬರಬಾರದು ನೋಡ್ರಿ, ಆ ಕಡಿಂದ ತಗೀರಿ.”

ಬರಬಾರದಿದ್ದದ್ದು ಅಡುಗೆ ಕೋಣೆಯ ಗೋಡೆ. ಕಿಟಕಿಯಿಂದ ಸೂರಿನ ತನಕ ಕರ್ರಗಾಗಿತ್ತು.

ಹಿಂದಿನ ಗುರುವಾರ, ಸಾಂಬಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಗ್ಯಾಸಿನ ಪೈಪು ಸೀಳಿ ಬೆಂಕಿ ಹತ್ತಿತ್ತು. ಪಕ್ಕದ ಕೋಣೆಯಲ್ಲಿ ಒಂದನೇ ಕ್ಲಾಸು ನಡೆಯುತ್ತಿತ್ತು. ಅಡುಗೆ ಮಾಡುತ್ತಿದ್ದ ಪಲ್ಲವಿಯ ಅವ್ವ ಭರಮಮ್ಮ ಗ್ಯಾಸ್ ಸಿಲಿಂಡರಿನ ಮೇಲೆ ಒದ್ದೆ ಗೋಣಿಚೀಲ ಹಾಕಿ, ಅದನ್ನು ತಬ್ಬಿಕೊಂಡಂತೆ ಎಳೆದು ಬಯಲಿಗೆ ತಂದಳು. ಆಮೇಲೆ ಬೋರ್‌ವೆಲ್ ಕಟ್ಟೆಯ ಮೇಲೆ ಕುಳಿತು ಬಲಗೈ ನೋಡಿಕೊಂಡಳು. ಮೊಣಕೈ ತನಕ ಚರ್ಮ ಸುಲಿದಿತ್ತು. ಮಕ್ಕಳಿಗೆ ಒಂದು ಗಾಯವೂ ಆಗಲಿಲ್ಲ. ಅವು ಹೊರಗೆ ಬಂದು, ರಸ್ತೆಯಲ್ಲಿ ನಿಂತುಬಿಟ್ಟ ಅದಿರು ಲಾರಿಗಳನ್ನು ಎಣಿಸುತ್ತಿದ್ದವು.

ಸಂಡೂರಿನಿಂದ ಹೊಸಪೇಟೆಗೆ ಹೋಗುವ ಆ ರಸ್ತೆಯಲ್ಲಿ ಸುದ್ದಿ ಬೇಗ ಹರಡಿತು. ತನಿಖೆಗೆ ಅಧಿಕಾರಿ ಬರುತ್ತಾರೆಂದು ಗೊತ್ತಾದ ದಿನವೇ ಹೆಡ್‌ಮಾಸ್ಟರು ಪಲ್ಲವಿಯನ್ನು ಕೋಣೆಗೆ ಕರೆಸಿ ಕುರ್ಚಿಯ ಮೇಲೆ ಕೂರಿಸಿದ್ದರು. ಆ ಕುರ್ಚಿಯಲ್ಲಿ ಯಾವ ಹುಡುಗಿಯೂ ಕುಳಿತದ್ದನ್ನು ಅವಳು ನೋಡಿರಲಿಲ್ಲ.

“ನೋಡವಾ, ವರ್ಷಕ್ಕೆರಡು ಸಲ ತರಬೇತಿ ಮಾಡಬೇಕಂತ ಆರ್ಡರ್ ಐತಿ. ಮಾಡೋದು ಆಗಿಲ್ಲ. ಈಗ ನಿಮ್ಮವ್ವಗ ತರಬೇತಿ ಆಗಿಲ್ಲ ಅಂತ ಗೊತ್ತಾತಂದ್ರ, ಏನೂ ತಿಳೀಲಾರದಾಕೀನ ಗ್ಯಾಸಿನ ಮುಂದ ಯಾಕ ನಿಲ್ಲಿಸೀರಿ ಅಂತಾರ. ಮೊದ್ಲು ಆಕೀನ ತಗೀತಾರ.”

“ತರಬೇತಿ ಆಗೈತಿ ಅಂತ ಇದ್ರ ತಗಿಯಂಗಿಲ್ಲೇನ್ರಿ ಸರ್?”

“ಯಾಕ ತಗೀತಾರ? ಕೆಲಸ ಗಟ್ಟಿ ಆತಲ್ಲ.”

ಅಪ್ಪ ತೀರಿಕೊಂಡ ಮೇಲೆ ಅವ್ವನಿಗೆ ಇದ್ದದ್ದು ಆ ಕೆಲಸವೊಂದೇ. ಅದು ಉಳಿಯುವುದಾದರೆ ಸೀರೆ ಉಟ್ಟು ಬೆನ್ನು ತೋರಿಸುವುದೇನು ದೊಡ್ಡದು? ಪಲ್ಲವಿ ಅವ್ವನ ಹಾಗೆ ಸೊಂಟದ ಒಂದು ಬದಿ ಸ್ವಲ್ಪ ಕೆಳಗೆ ಬಿಟ್ಟು ನಿಂತಳು. ಸುಕನ್ಯಾ ಮಿಸ್ ನಾಲ್ಕು ಫೋಟೊ ತೆಗೆದರು. ಆಮೇಲೆ ಸುರಕ್ಷತಾ ಸಮಿತಿಯ ರಿಜಿಸ್ಟರಿನಲ್ಲಿ ವಿದ್ಯಾರ್ಥಿ ಪ್ರತಿನಿಧಿ ಎಂದಿದ್ದ ಕಡೆ ಪಲ್ಲವಿ ಸಹಿ ಮಾಡಿದಳು. ಅಂಥದೊಂದು ಸಮಿತಿಯಿದೆ, ತಾನು ಅದರಲ್ಲಿದ್ದೇನೆ ಎಂಬುದು ಅವಳಿಗೆ ಅವತ್ತೇ ತಿಳಿದದ್ದು.

ಮೂರು ದಿನ ಬಿಟ್ಟು ಅಧಿಕಾರಿ ವಿಜಯಕುಮಾರ್ ಹೊಸಪೇಟೆಯ ಆಸ್ಪತ್ರೆಗೇ ಬಂದರು. ಮಧ್ಯಾಹ್ನದ ಊಟದ ಹೊತ್ತು. ಹೆಂಗಸರ ವಾರ್ಡಿನಲ್ಲಿ ಪಲ್ಲವಿ ಡಬ್ಬಿಯ ಅನ್ನವನ್ನು ತಟ್ಟೆಗೆ ಹಾಕುತ್ತಿದ್ದಳು. ಹಿಂದೆಯೇ ಹೆಡ್‌ಮಾಸ್ಟರು ಎರಡು ಎಳನೀರು ಹಿಡಿದುಕೊಂಡು ಬಂದರು.

“ಹೆಂಗದೀರಿ ಭರಮಮ್ಮ?” ಅಧಿಕಾರಿ ಸ್ಟೂಲ್ ಎಳೆದುಕೊಂಡು ಕುಳಿತರು. ಮಾತು ಮೆತ್ತಗಿತ್ತು.

“ಅದೀನ್ರಿ ಸಾಹೇಬ್ರ. ಉರಿ ಕಡಿಮಿ ಆಗೈತಿ. ಪೈಪ್ ಸೀಳಿತ್ರಿ. ನಾ ಮೂರು ಸಲ ಹೇಳೀನಿ, ಹೊಸಾದು ತರಸ್ರಿ ಅಂತ.”

ಅಧಿಕಾರಿ ತಿರುಗಿ ನೋಡಿದರು. “ಬರವಣಿಗಿಯೊಳಗ ಏನೂ ಬಂದಿಲ್ಲ ಸರ್,” ಎಂದರು ಹೆಡ್‌ಮಾಸ್ಟರು.

“ಕೇಳ್ರಿಲ್ಲಿ ಭರಮಮ್ಮ. ಸಿಲಿಂಡರ್ ಮುಟ್ಟಬ್ಯಾಡ್ರಿ, ಮಕ್ಕಳನ್ನ ಕರ್ಕೊಂಡು ಹೊರಗ ಓಡ್ರಿ, ಗಂಟಿ ಬಾರಿಸ್ರಿ ಅಂತ ತರಬೇತಿಯಾಗ ಹೇಳಿದ್ರಲ್ಲ? ನೀವು ಮಾಡಿದ್ದೇನು? ಸಿಲಿಂಡರ್ ಎಳಕೊಂಡು ಮಕ್ಕಳ ಕ್ಲಾಸಿನ ಮುಂದ ಹಾದೀರಿ. ಸಿಡಿದಿದ್ರ?”

“ಯಾವ ತರಬೇತಿ ರೀ?”

ಅಧಿಕಾರಿ ಫೈಲಿನಿಂದ ಫೋಟೊ ತೆಗೆದು ಅವಳ ತೊಡೆಯ ಮೇಲಿಟ್ಟರು. ಪಲ್ಲವಿಯ ಕೈಯಲ್ಲಿದ್ದ ಸೌಟು ತಟ್ಟೆಗೆ ತಾಗಿ ಸದ್ದಾಯಿತು. ಕೆಲಸ ಗಟ್ಟಿ ಮಾಡಬೇಕಿದ್ದ ಫೋಟೊ ಅದು. ಹೆಡ್‌ಮಾಸ್ಟರು ಫ್ಯಾನ್ ನೋಡತೊಡಗಿದರು.

“ಇದು ನೀವು ಅಲ್ಲಂದ್ರ ಈಗ ಹೇಳಿಬಿಡ್ರಿ. ಸುಳ್ಳು ದಾಖಲಿ ಆಗತೈತಿ. ಅದಕ್ಕ ಸಹಿ ಮಾಡಿದೋರು ಸಣ್ಣೋರಿರಲಿ, ದೊಡ್ಡೋರಿರಲಿ, ಎಲ್ಲರೂ ಉತ್ತರ ಕೊಡಬೇಕಾಗತೈತಿ.”

ಫೋಟೊ ಅಂಟಿಸಿದ್ದ ರಿಜಿಸ್ಟರಿನ ಹಾಳೆಯ ಕೆಳಗೆ ಮೂರು ಸಹಿಗಳಿದ್ದವು. ಭರಮಮ್ಮ ಎಡಗೈ ಬೆರಳಿಟ್ಟು ಒಂದೊಂದನ್ನೇ ಓದಿದಳು. ಅವಳಿಗೆ ಓದಲು ಹೊತ್ತು ಬೇಕು. ವಿದ್ಯಾರ್ಥಿ ಪ್ರತಿನಿಧಿ ಎಂದಿದ್ದ ಮೂರನೆಯದರ ಮೇಲೆ ಬೆರಳು ನಿಂತಿತು.

“ಸರ್, ಅದು...” ಎಂದಳು ಪಲ್ಲವಿ.

“ನೀ ಸುಮ್ನಿರು. ದೊಡ್ಡೋರು ಮಾತಾಡಾಕ ಹತ್ಯಾರ ಕಾಣಂಗಿಲ್ಲ?” ಭರಮಮ್ಮ ಮಗಳ ಕಡೆ ತಿರುಗದೆ ಹೇಳಿದಳು. ಆಮೇಲೆ ಅಧಿಕಾರಿಗೆ, “ನಾನ ರೀ ಸಾಹೇಬ್ರ. ಹೇಳಿಕೊಟ್ಟಿದ್ರು. ಆ ಹೊತ್ತಿನಾಗ ಮರ್ತು ಹೋತು.”

“ಪೈಪಿನ ವಿಷಯ?”

“ಹೇಳೀನಿ ಅನ್ಕೊಂಡಿದ್ದೆ.” ಅವಳ ಬೆರಳು ಇನ್ನೂ ಆ ಸಹಿಯ ಮೇಲೆಯೇ ಇತ್ತು. “ಹೇಳಿಲ್ಲ ಅನ್ನಸ್ತೈತಿ.”

ಅಧಿಕಾರಿ ಬರೆದುಕೊಂಡು ಓದಿ ಹೇಳಿದರು. ತರಬೇತಿ ಪಡೆದಿದ್ದರೂ ನಿಯಮ ಮೀರಿ ನಡೆದುಕೊಂಡಿದ್ದಾರೆ, ನಿರ್ಲಕ್ಷ್ಯ ಕಂಡುಬಂದಿದೆ, ಅಡುಗೆ ಕೆಲಸದಿಂದ ಬಿಡುಗಡೆ ಮಾಡಬಹುದು. ಭರಮಮ್ಮನಿಗೆ ಸಹಿ ಬರುತ್ತಿತ್ತು. ಆದರೆ ಬಲಗೈ ಬ್ಯಾಂಡೇಜಿನಲ್ಲಿತ್ತು. ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು.

ಹೋಗುವಾಗ ಹೆಡ್‌ಮಾಸ್ಟರು ಎಳನೀರನ್ನು ಮಂಚದ ಕೆಳಗಿಟ್ಟು ಪಲ್ಲವಿಯ ಹತ್ತಿರ ಬಾಗಿದರು. “ಇಷ್ಟು ದೂರ ಹೋಗತೈತಿ ಅಂತ ನಂಗೂ ಗೊತ್ತಿರಲಿಲ್ಲವಾ.” ಅವಳು ಅವರ ಶೂ ನೋಡುತ್ತ ನಿಂತಿದ್ದಳು. ಶೂಗಳು ಬಾಗಿಲು ದಾಟಿ ಹೋದವು.

ಪಕ್ಕದ ಮಂಚದ ಮುದುಕಿ ಜಂಬವ್ವ ಅಷ್ಟು ಹೊತ್ತೂ ಕಣ್ಣು ಮುಚ್ಚಿ ಮಲಗಿದ್ದವಳು ಈಗ ಎದ್ದು ಕುಳಿತಳು. “ಫೋಟೊ ತಗಿಸ್ಕೊಂಡಾಕಿ ಮರ್ತಿದ್ದೆ ಅಂತಾಳ, ನೋಡು. ನಾನಾಗಿದ್ರ ಮನಿಯಾಗ ಕಟ್ಟು ಹಾಕಿಸಿ ಇಟ್ಕೊಂತಿದ್ದೆ.”

ಭರಮಮ್ಮ ನಕ್ಕಳು. “ನನ್ನ ಮುಖ ಬಂದಿಲ್ಲಬೇ ಅದರಾಗ.”

ಪಲ್ಲವಿ ತಟ್ಟೆ ಹಿಡಿದುಕೊಂಡು ಮಂಚದ ಅಂಚಿಗೆ ಕುಳಿತಳು. “ಯವ್ವಾ, ನಿನ್ನ ಕೆಲಸ ಉಳೀತೈತಿ ಅಂದ್ರು. ಅದಕ್ಕ ನಾ...”

“ರಿಬ್ಬನ್ ಬಿಚ್ಚಬೇಕಿತ್ತು.”

“ಏನು?”

“ಟೋಪಿ ಕೆಳಗ ಸಾಲಿ ರಿಬ್ಬನ್ ಕಾಣಸ್ತಿತ್ತು. ಆ ಸಾಹೇಬ ನೋಡಿದ್ರ ಏನ್ ಗತಿ?” ಭರಮಮ್ಮ ದಿಂಬಿಗೆ ಒರಗಿದಳು. “ಇವತ್ತು ಮಕ್ಕಳಿಗೆ ಊಟ ಏನು ಕೊಟ್ರಂತ?”

“ಮಂಡಕ್ಕಿ.”

“ಮಂಡಕ್ಕಿ ತಿಂದು ಸಂಜಿ ತನಕ ಕುಂದ್ರತಾವೇನು ಅವು.”

ಅನ್ನ ಆರಿ ಗಟ್ಟಿಯಾಗಿತ್ತು. ಪಲ್ಲವಿ ಸಾರು ಹಾಕಿ ಕಲಸಿ, ತುತ್ತು ಮಾಡಿ ಅವ್ವನ ಬಾಯಿಯ ಹತ್ತಿರ ಹಿಡಿದಳು. ತುತ್ತು ದೊಡ್ಡದಾಯಿತು. ಅನ್ನದ ಅಗುಳು ಬ್ಯಾಂಡೇಜಿನ ಮೇಲೆ ಬಿದ್ದವು.

“ಸಣ್ಣದು ಮಾಡು,” ಎಂದಳು ಭರಮಮ್ಮ. ಮತ್ತೆ ಬಾಯಿ ತೆರೆದು ಕಾದಳು.