ಅಮ್ಮ ಮುಟ್ಟಿದರೆ ಮುಳ್ಳು ಇಳಿಯುತ್ತದೆ

ಅಕ್ಕನಿಗೆ ಮನೆಯಿಂದಲೇ ದೂರದೂರದವರ ಜೊತೆ ಮಾತಾಡುವ ಹವ್ಯಾಸಿ ರೇಡಿಯೋ ಲೈಸೆನ್ಸ್ ಬಂದ ದಿನ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನು. ಇನ್ನು ಮೇಲೆ ಅವಳು ನನ್ನೊಬ್ಬಳ ತಲೆ ತಿನ್ನುವುದು ಬಿಟ್ಟು ಇಡೀ ಪ್ರಪಂಚದ ತಲೆ ತಿನ್ನಬಹುದಲ್ಲ! ಆದರೆ ಪ್ರಪಂಚಕ್ಕೆ ಅವಳ ದನಿ ಮುಟ್ಟಲು ಆಂಟೆನಾ ಬೇಕು. ಆಂಟೆನಾಗೆ ಕಂಬ ಬೇಕು, ಕಂಬಕ್ಕೆ ತಾರಸಿ ಬೇಕು, ತಾರಸಿಗೆ ಮನೆ ಓನರ್ ಅಪ್ಪಣೆ ಬೇಕು.

ಕೆಳಗಿನ ಮನೆಯಲ್ಲಿರುವ ಓನರ್‌ಗೆ ನಾನಿಟ್ಟ ಹೆಸರು ಸೆನ್ಸಾರ್. ಏನು ಕೇಳಿದರೂ ಕತ್ತರಿ. ಗೋಡೆಗೆ ಮೊಳೆ? ಕಟ್. ಮೆಟ್ಟಿಲ ಕೆಳಗೆ ಸೈಕಲ್? ಕಟ್. ಅಕ್ಕ ಕಂಬದ ವಿಷಯ ಎತ್ತಿದಾಗ ಮಾತ್ರ ಅವರು ಬಹಳ ಹೊತ್ತು ಗಲ್ಲ ಕೆರೆದುಕೊಂಡರು.

"ಹಾಕ್ಕೊಳಮ್ಮ. ಆದ್ರೆ ಭಾನುವಾರ ಸಂಜೆ ನಾನೇ ಬಂದು ನೋಡ್ತೀನಿ. ಆ ಕಡೆಯಿಂದ ಯಾರಾದ್ರೂ ಮಾತಾಡಿದ್ರೆ ಅದು ಆಂಟೆನಾ. ಮಾತಾಡ್ಲಿಲ್ವಾ, ಬರೀ ಕಬ್ಬಿಣ. ಅವತ್ತೇ ಬಿಚ್ಚಿ ಗುಜರಿಗೆ ಹಾಕ್ಬೇಕು."

"ಇಂಟರ್ವಲ್ಲೇ ಇಲ್ದಿರೋ ಸಿನಿಮಾ ಕಣೆ ಇದು," ಎಂದೆ ನಾನು. ಅಕ್ಕ ನಗಲಿಲ್ಲ. ಮಿಕ್ಸಿ, ಫ್ಯಾನು ರಿಪೇರಿ ಅಂಗಡಿಯಲ್ಲಿ ದಿನವಿಡೀ ಕೂತು ಬಂದವಳು ರಾತ್ರಿ ಪರೀಕ್ಷೆಗೆ ಓದಿ ಪಡೆದ ಲೈಸೆನ್ಸ್ ಅದು. ಆ ಕಂಬ ಇಳಿದರೆ ಅವಳ ರೇಡಿಯೋ ಬರೀ ದುಬಾರಿ ಡಬ್ಬ.

ಶನಿವಾರ ತಾರಸಿಯ ಮೇಲೆ ಪೈಪಿಗೆ ಪೈಪು ಸೇರಿಸಿ ಕಂಬ ಮಾಡಿದೆವು. ಮಲಗಿಸಲು ಜಾಗ ಸಾಲದೆ ಅಮ್ಮನ ಬಟ್ಟೆ ತಂತಿ ಬಿಚ್ಚಿ ಮೂಲೆಯಲ್ಲಿ ಸುತ್ತಿಟ್ಟೆವು. ಕಂಬ ಎತ್ತುವಾಗ ಮೂರು ಕಡೆಯ ಹಗ್ಗಗಳಲ್ಲಿ ಒಂದನ್ನು ಅಕ್ಕ ಹಿಡಿದಳು, ಒಂದನ್ನು ಅಮ್ಮ, ಒಂದನ್ನು ನಾನು.

"ಯಾರೂ ಮುಂದೆ ಬರ್ಬೇಡಿ! ಈ ಕಂಬಕ್ಕೂ ನನಗೂ ಹಳೇ ಲೆಕ್ಕ ಇದೆ!" ಎಂದು ನಾನು ದಪ್ಪ ದನಿಯಲ್ಲಿ ಗುಡುಗಿದೆ.

"ಹಗ್ಗ ಬಿಟ್ಟೀಯ, ನಿನ್ನ ಲೆಕ್ಕ ನಾನು ಚುಕ್ತಾ ಮಾಡ್ತೀನಿ," ಎಂದಳು ಅಮ್ಮ.

ಕಂಬದ ತುದಿಯಿಂದ ನೀರಿನ ಟ್ಯಾಂಕ್ ಪಕ್ಕದ ಕೊಳವೆಯವರೆಗೆ ತಾಮ್ರದ ತಂತಿ ಎಳೆದೆವು. ಅದೇ ಆಂಟೆನಾ. ಅದರ ನಟ್ಟನಡುವಿನಿಂದ ಕೇಬಲ್ ಇಳಿದು ಅಕ್ಕನ ಕೋಣೆಯ ಕಿಟಕಿಯೊಳಗೆ ಹೋಗುತ್ತದೆ. ಅಲ್ಲಿ ಮೇಜಿನ ಮೇಲೆ ಒಂದು ಮೀಟರ್. ಕಳಿಸಿದ ಶಕ್ತಿ ಆಕಾಶಕ್ಕೆ ಹಾರಿತೋ, ಸಪ್ಪೆ ಮುಖ ಹಾಕಿಕೊಂಡು ಮನೆಗೇ ವಾಪಸ್ ಬಂತೋ ಎಂದು ಅದರ ಮುಳ್ಳು ಹೇಳುತ್ತದೆ. ಮುಳ್ಳು ಕೆಳಗಿದ್ದರೆ ಒಳ್ಳೆಯದು. ಶನಿವಾರ ಸಂಜೆ ಅದು ಹಾಲು ಕುಡಿದ ಮಗುವಿನ ಹಾಗೆ ಕೆಳಗೆ ಮಲಗಿತ್ತು. ಅಕ್ಕ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು.

ಭಾನುವಾರ ತಿಂಡಿ ಮುಗಿಸಿ ನೋಡಿದರೆ ಮುಳ್ಳು ನೆಟ್ಟಗೆ ಮೇಲಕ್ಕೆ ಹತ್ತಿ ಕೂತಿದೆ.

ಅಕ್ಕ ಬೆಸುಗೆ ಬಿಡಿಸಿ ಮತ್ತೆ ಹಾಕಿದಳು. ಕೇಬಲ್ ಬದಲಾಯಿಸಿದಳು. ತಂತಿಯನ್ನು ಒಂದು ಗೇಣು ಚಿಕ್ಕದು ಮಾಡಿದಳು, ಇನ್ನೂ ಕೆಟ್ಟಿತು, ಮತ್ತೆ ಸೇರಿಸಿದಳು. ಮಧ್ಯಾಹ್ನದ ಊಟ ಹಾಗೇ ತಣ್ಣಗಾಯಿತು. ಅವಳ ಮುಖವೂ ಅಷ್ಟೇ.

"ಕ್ಲೈಮ್ಯಾಕ್ಸ್‌ಗೆ ಮುಂಚೆ ಹೀರೋ ಒದೆ ತಿನ್ಲೇಬೇಕಲ್ವಾ," ಎಂದೆ.

"ಲೇ, ಮೇಲೆ ಹೋಗಿ ಗಂಟುಗಳನ್ನ ನೋಡು. ಡೈಲಾಗ್ ಬೇಡ."

ನಾನು ತಾರಸಿಗೆ ಹೋದೆ. ಅಮ್ಮ ಒಣಗಿದ ಬಟ್ಟೆ ತೆಗೆಯಲು ಬಂದಳು. ಕೆಳಗೆ ಅಕ್ಕ ಸಣ್ಣ ಪವರ್ ಹಾಕಿ ಮುಳ್ಳನ್ನೇ ನೋಡುತ್ತಾ ಕೂತಿದ್ದಳು. ಇದ್ದಕ್ಕಿದ್ದಂತೆ ಕಿಟಕಿಯಿಂದ ಕಿರುಚಿದಳು.

"ಇಳೀತು! ಏನ್ ಮಾಡ್ದೆ?"

"ಏನೂ ಮಾಡಿಲ್ಲ!"

"ಅಯ್ಯೋ, ಮತ್ತೆ ಹತ್ತಿತು! ಏನ್ ಮಾಡ್ದೆ?"

"ಅಕ್ಕಾ, ಸುಮ್ನೆ ನಿಂತಿದ್ದೀನಿ ಕಣೆ!"

"ನೀನು? ಸುಮ್ನೆ? ಇವತ್ತಾದ್ರೂ ನಿನ್ನ ಕಪಿಚೇಷ್ಟೆ ಬಿಡೇ! ಕೈ ಮುಗೀತೀನಿ!"

ನನ್ನ ಜೀವಮಾನದಲ್ಲಿ ನಿಜ ಹೇಳಿ ಸಿಕ್ಕಿಬಿದ್ದಿದ್ದು ಅದೇ ಮೊದಲು. ಎರಡೂ ಕೈ ಮೇಲೆತ್ತಿ ಪೊಲೀಸರಿಗೆ ಶರಣಾದ ಕಳ್ಳಿಯ ಹಾಗೆ ತಾರಸಿಯ ನಡುವೆ ನಿಂತೆ. ಪಕ್ಕದಲ್ಲಿ ಅಮ್ಮ ತನ್ನ ಪಾಡಿಗೆ ಒಂದೊಂದೇ ಕ್ಲಿಪ್ ತೆಗೆಯುತ್ತಿದ್ದಳು. ಬಟ್ಟೆ ತಂತಿಯ ಕೊನೆಯ ಹತ್ತಿರ ಹೋಗಿ ಅದನ್ನು ಕೆಳಗೆಳೆದು ಹಿಡಿದಳು.

"ಇಳೀತು!"

ಅಮ್ಮ ಬಿಟ್ಟಳು.

"ಹತ್ತಿತು!"

ನಾನು ಬಟ್ಟೆ ತಂತಿಯನ್ನು ನೋಡಿದೆ, ತಲೆಯೆತ್ತಿ ಆಂಟೆನಾ ನೋಡಿದೆ. ಒಂದರ ಕೆಳಗೊಂದು, ಒಂದೇ ಉದ್ದ, ಒಂದೇ ದಿಕ್ಕು. ಡಬಲ್ ಆಕ್ಟಿಂಗ್!

"ಅಮ್ಮಾ, ಆ ತಂತಿ ಹಿಡ್ಕೊಂಡು ನಿಂತ್ಕೋ! ಅಲ್ಲಾಡ್ಬೇಡ! ಅಕ್ಕಾ, ಮೇಲೆ ಬಾ, ವಿಲನ್ ಸಿಕ್ಕಿದ!"

ಅಕ್ಕ ಮೆಟ್ಟಿಲು ಹಾರಿ ಬಂದಳು. ಬೆಳಿಗ್ಗೆ ಎದ್ದ ಕೂಡಲೇ ಅಮ್ಮ ತನ್ನ ಸ್ಟೀಲ್ ತಂತಿಯನ್ನು ಮತ್ತೆ ಬಿಗಿದಿದ್ದಳು. ಆಂಟೆನಾ ಆಕಾಶಕ್ಕೆ ಕೊಡಬೇಕಾದದ್ದನ್ನು ಅದು ಕೆಳಗೇ ಕಸಿದುಕೊಂಡು ಎಲ್ಲಾ ಲೆಕ್ಕ ತಪ್ಪಿಸುತ್ತಿತ್ತು. ಅಮ್ಮ ಕೈಯಿಟ್ಟಾಗ ಮಾತ್ರ ಅದರ ಆಟ ನಿಲ್ಲುತ್ತಿತ್ತು. ಅಕ್ಕ ಹಣೆ ಬಡಿದುಕೊಂಡು ನಕ್ಕಳು, ಆಮೇಲೆ ನನ್ನ ಕೆನ್ನೆ ಹಿಂಡಿದಳು. ಅದು ಕ್ಷಮಾಪಣೆ.

"ಅಮ್ಮ, ಇದನ್ನ ಬಿಚ್ಚಿ ನೈಲಾನ್ ಹಗ್ಗ ಕಟ್ಲಾ?"

"ನೈಲಾನ್ ಜೋತು ಬೀಳುತ್ತೆ. ಒದ್ದೆ ಬೆಡ್‌ಶೀಟ್ ನೆಲ ಗುಡಿಸುತ್ತೆ. ಆಗಲ್ಲ."

ಅಕ್ಕ ತಂತಿಯ ನಟ್ಟನಡುವೆ ಬೆರಳಿಟ್ಟಳು. "ಹಾಗಾದ್ರೆ ನಡುವೆ ಕತ್ತರಿಸಿ ಪ್ಲಾಸ್ಟಿಕ್ ತುಂಡು ಸೇರಿಸ್ತೀನಿ. ಕರೆಂಟಿನ ಲೆಕ್ಕಕ್ಕೆ ಎರಡು ಗಿಡ್ಡ ತಂತಿ, ಬಟ್ಟೆಗೆ ಒಂದೇ."

ಅಮ್ಮ ತಂತಿಯನ್ನು ಬಿಡದೆ ಯೋಚಿಸಿದಳು. "ಕತ್ತರಿಸು. ಬೆಡ್‌ಶೀಟ್ ಬಿತ್ತೋ, ಆ ಜಾಗದಲ್ಲಿ ನಿನ್ನನ್ನೇ ಒಣಗಹಾಕ್ತೀನಿ."

ಒಡೆದ ಬಕೆಟ್ಟಿನಿಂದ ತುಂಡು ಕೊಯ್ದು, ಎರಡು ತೂತು ಕೊರೆದು, ತಂತಿ ಪೋಣಿಸಿ ಬಿಗಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಸೆನ್ಸಾರ್ ಚಪ್ಪಲಿ ಸದ್ದು.

ಕೋಣೆಯಲ್ಲಿ ಇದ್ದ ಒಂದೇ ಕುರ್ಚಿಯಲ್ಲಿ ಅವರು ಕೂತರು. ಅಕ್ಕ ಹಾಸಿಗೆಯ ಅಂಚಿನಲ್ಲಿ, ನಾನೂ ಅಮ್ಮನೂ ಬಾಗಿಲಲ್ಲಿ. ಮುಳ್ಳು ಕೆಳಗೆ ಮಲಗಿತ್ತು. ಅಕ್ಕ ಮೈಕ್ ಹಿಡಿದು ಲೈಸೆನ್ಸಿನಲ್ಲಿ ಹೆಸರಿನ ಬದಲು ಕೊಟ್ಟ ಅಕ್ಷರಗಳ ಕರೆ ಗುರುತು ಹೇಳಿ ಕರೆದಳು. ಬರೀ ಸೊಯ್ಯೆಂಬ ಸದ್ದು. ಮತ್ತೆ ಕರೆದಳು, ಸೊಯ್ಯ್.

ಸೆನ್ಸಾರ್ ಮಂಡಿಯ ಮೇಲೆ ಕೈಯೂರಿ ಎದ್ದರು. "ನೋಡಮ್ಮ, ನಾನಂತೂ ಮೊದಲೇ ಹೇಳಿದ್ದೆ..."

"ಒಂದೇ ಒಂದ್ಸಲ ಸರ್," ಎಂದು ಅಕ್ಕ ಮತ್ತೆ ಕರೆದಳು.

ಸದ್ದಿನ ನಡುವಿನಿಂದ ಒಂದು ಮುದಿ ದನಿ ಅಕ್ಕನ ಗುರುತನ್ನು ಅಕ್ಷರ ಅಕ್ಷರವಾಗಿ ತಿರುಗಿ ಹೇಳಿತು. ಅಕ್ಕ ಮೈಕ್ ಒತ್ತುವುದನ್ನೇ ಮರೆತು "ಹಾಂ! ನಾನೇ! ನಾನೇ!" ಎಂದು ಗೋಡೆಗೆ ಹೇಳಿದಳು. ನಾನು ಅವಳ ಹೆಬ್ಬೆರಳನ್ನು ಹಿಡಿದು ಗುಂಡಿಯ ಮೇಲಿಟ್ಟೆ. ಸಮುದ್ರದಾಚೆ ಯಾವುದೋ ದ್ವೀಪದಲ್ಲಿ ದೋಣಿ ರಿಪೇರಿ ಮಾಡುವ ಅಜ್ಜ ಅವರು. ನಿನ್ನ ದನಿ ಪಕ್ಕದ ಕೋಣೆಯಿಂದ ಬಂದ ಹಾಗಿದೆ ಮಗಳೇ, ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಸೆನ್ಸಾರ್ ಮೆಲ್ಲಗೆ ಕುರ್ಚಿಗೆ ವಾಪಸಾದರು. "ಅಲ್ಲಿ ಈಗ ಬೆಳಗಾ, ಸಂಜೆನಾ? ಕೇಳು, ಕೇಳು."

ಅಕ್ಕ ಕೇಳಿದಳು. ಬೆಳಗಂತೆ. ಬೆಕ್ಕು ರೇಡಿಯೋ ಮೇಲೆ ಮೈ ಕಾಯಿಸಿಕೊಳ್ಳುತ್ತಾ ಮಲಗಿದೆಯಂತೆ.

"ಬೆಕ್ಕಂತೆ!" ಎಂದು ಸೆನ್ಸಾರ್ ನಮ್ಮೆಲ್ಲರ ಕಡೆ ತಿರುಗಿ ಸಾರಿದರು, ನಾವೇನೋ ಕೇಳಿಸಿಕೊಂಡಿಲ್ಲ ಎಂಬಂತೆ. ಅವರ ಹಲ್ಲು ನಾನು ನೋಡಿದ್ದು ಅಂದೇ ಮೊದಲು.

ಅಜ್ಜ ವಿದಾಯ ಹೇಳಿದ ಮೇಲೂ ಅವರು ಏಳಲಿಲ್ಲ. ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕಂಬವನ್ನು ಬುಡದಿಂದ ತುದಿಯವರೆಗೆ ಅಳೆದರು.

"ಏನಮ್ಮಾ, ಇನ್ನೊಂದು ಪೈಪು ಸೇರಿಸಿದ್ರೆ ಇನ್ನೂ ದೂರ ಹೋಗುತ್ತಾ?"

ಅಮ್ಮನೇ ಬಾಗಿಲಿಂದ ಉತ್ತರ ಕೊಟ್ಟಳು.

"ಸೇರಿಸಿ ಸರ್, ಎತ್ತರ ಆದಷ್ಟೂ ನನ್ನ ಬಟ್ಟೆ ತಂಟೆಗೆ ಬರಲ್ಲ. ಈ ಸಲ ಮೂರನೇ ಹಗ್ಗ ನೀವು ಹಿಡೀರಿ, ಇವಳು ಹಗ್ಗ ಹಿಡಿದು ಬರೀ ಡೈಲಾಗ್ ಹೊಡೀತಾಳೆ."