ಬ್ಲೂಬೆರಿ ಗಿಡದ ತವರು

ನನ್ನ ಗಂಡ ಈಶ್ವರ ಲಾರಿ ಚಾಲಕ. ಹಿಮಾಚಲದಿಂದ ಸೇಬು ಹೇರಿಕೊಂಡು ಬರುವಾಗ ಒಮ್ಮೆ ಬ್ಲೂಬೆರಿ ಗಿಡವೊಂದನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ನಮ್ಮೂರು ತುಕ್ಕಾನಟ್ಟಿಗೆ ತಂದ. ಆ ಸೀಟಿನಲ್ಲಿ ನನ್ನನ್ನು ಒಂದು ದಿನವೂ ಕೂರಿಸಿದವನಲ್ಲ. ನಮ್ಮ ಎರೆಮಣ್ಣು ಅದಕ್ಕೆ ಒಗ್ಗುವುದಿಲ್ಲವೆಂದು ಹುಳಿ ಮಣ್ಣಿನ ಚೀಲವನ್ನೂ ತಂದಿದ್ದ. ಕುಂಡದಲ್ಲಿ ನೆಟ್ಟು ನೀರು ಹಾಕುವ ಚಾಕರಿ ನನ್ನ ಪಾಲಿಗೆ ಬಂತು.

ಎರಡು ವರ್ಷವಾದರೂ ಹೂವಿಲ್ಲ. "ಅದಕ್ಕ ಥಂಡಿ ಸಾಲವಲ್ದು. ಚಳಿಗಾಲದಾಗ ಎರಡ ತಿಂಗಳ ಗಡಗಡ ನಡಗಬೇಕು" ಎಂದು ಈಶ್ವರ ಫೋನಿನಲ್ಲಿ ಹೇಳಿದ್ದು ಅತ್ತೆ ಲಕ್ಕವ್ವನ ಕಿವಿಗೆ ಬಿತ್ತು.

"ಪಾಪ! ಬಂದಾಗಿಂದ ತವರ ಕಂಡಿಲ್ಲ. ಫಲ ಎಲ್ಲಿಂದ ಬಿಡಬೇಕು?" ಎಂದರು.

ನನಗೆ ಮೈಯೆಲ್ಲ ಉರಿಯಿತು. ಎರಡು ನಾಗರಪಂಚಮಿಯಿಂದ ನನ್ನನ್ನು ತವರಿಗೆ ಕಳಿಸಿರಲಿಲ್ಲ. ನಮ್ಮ ಎಮ್ಮೆ ನನ್ನ ಕೈಗಲ್ಲದೆ ಬೇರೆಯವರಿಗೆ ಹಾಲು ಕೊಡುವುದಿಲ್ಲ ಎಂಬುದೊಂದು ನೆಪ. ನನ್ನ ತವರು ಹತ್ತರಗಿ, ಅದೇನು ಹಿಮಾಚಲದಲ್ಲಿದೆಯೇ?

ಹುಕ್ಕೇರಿಯಲ್ಲಿ ಅತ್ತೆಯ ತಮ್ಮ ಶಿವಪುತ್ರನದು ಆಲೂಗಡ್ಡೆ ಇಡುವ ಕೋಲ್ಡ್ ಸ್ಟೋರೇಜ್. ಚಳಿಗಾಲ ಬರುತ್ತಲೇ ಅತ್ತೆ ಕುಂಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಟೊಂಗೆಗೆ ಹಸಿರು ಕುಪ್ಪಸದ ಖಣ ಕಟ್ಟಿ, ಮಗಳನ್ನು ಕಳಿಸುವಂತೆಯೇ ಉಡಿ ತುಂಬಿ, ಗಿಡವನ್ನು ಎತ್ತಿಕೊಂಡು ಅಲ್ಲಿಗೆ ಹೊರಟರು.

"ಗಿಡಕ್ಕ ತವರೈತಿ, ನನಗಿಲ್ಲೇನ್ರಿ ಅತ್ತಿ?" ಎಂದೆ. ಅವರು ಕೇಳಿಸದವರಂತೆ ಬಸ್ ಹತ್ತಿದರು.

ಎರಡು ತಿಂಗಳ ಮೇಲೆ ಮರಳಿ ಬಂದದ್ದು ಬರೀ ಕಡ್ಡಿ. ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಬಿಸಿಲು ಏರುತ್ತಿದ್ದಂತೆ ಕಡ್ಡಿ ಚಿಗುರಿತು, ಬಿಳಿ ಹೂವು ಬಿಟ್ಟಿತು. ಬೇಸಿಗೆಯಲ್ಲಿ ಬೊಗಸೆ ತುಂಬ ನೀಲಿ ಹಣ್ಣು!

ಅತ್ತೆ ಒಂದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಕುಂಡದ ಮುಂದೆಯೇ ಕೂತರು. ಆಮೇಲೆ ನನ್ನತ್ತ ನೋಡದೆ ಹೇಳಿದರು: "ನೇತ್ರಾ, ಉಳಿದ ಹಣ್ಣ ಡಬ್ಬ್ಯಾಗ ತುಂಬಕೋ. ಹತ್ತರಗಿಗೆ ಒಯ್ದು ನಿಮ್ಮವ್ವಗ ಕೊಡು."

"ಪಂಚಮಿ ಇನ್ನೂ ದೂರ ಐತ್ರಿ. ಎಮ್ಮಿ ಯಾರ ಹಿಂಡ್ತಾರ?"

"ಎಮ್ಮಿ ನನಗ ಬಿಡು."

ಮರುದಿನ ನನ್ನವ್ವ ಹಣ್ಣು ಚಪ್ಪರಿಸಿ "ನಮ್ಮ ಕವಳಿಹಣ್ಣಿನಂಗ ಐತಿ" ಎನ್ನುತ್ತಿರುವಾಗಲೇ ಅತ್ತೆಯ ಫೋನ್ ಬಂತು.

"ಎಮ್ಮಿ ಒದ್ದು ಚರಗಿ ಉರಳಸ್ತು. ಹಾಲೆಲ್ಲ ಮಣ್ಣಪಾಲಾತು!"

ಬಿಚ್ಚಿರದ ಚೀಲದ ಕಡೆ ಕೈ ಹೋಯಿತು.

"ಹಂಗಂತ ಓಡಿ ಬರಬ್ಯಾಡ ಮತ್ತ," ಎಂದರು ಅತ್ತೆ. "ಎರಡ ತಿಂಗಳ ಅಲ್ಲೇ ಇರು."